ಎಂಜಿನ್ನಿನ ತಾಮ್ರದ ಪಟ್ಟಿ

ಡೊಂಬಿವಲಿ ಪೂರ್ವ
9 ನವೆಂಬರ್ 2025, ಭಾನುವಾರ

ಪ್ರೀತಿಯ ಅಳಿಯ ಸುಜನನಿಗೆ ಮುಂಡಪ್ಪ ಮಾವನ ಆಶೀರ್ವಾದಗಳು.

ಹೇಗಿದ್ದೀಯ ಮಗಾ? ತುರ್ಭೆಯ ಆ ರೂಮಿನಲ್ಲಿ ಗಾಳಿ ಆಡುತ್ತದೆಯೇ? ಕೆಮ್ಮು ಬಿಟ್ಟಿತೇ? ಮೆಸ್ಸಿನ ಊಟ ಚೆನ್ನಾಗಿದೆ ಎಂದು ನಿನ್ನ ತಂಗಿ ಅಶ್ಮಿತಾಳ ಹತ್ತಿರ ಹೇಳಿದೆಯಂತೆ. ಮೂವತ್ತು ವರ್ಷ ಹೋಟೆಲು ನಡೆಸಿದವನಿಗೆ ಮೆಸ್ಸಿನ ಸಾಂಬಾರಿನ ಕಥೆ ಹೇಳಬೇಡ. ನಿನ್ನಮ್ಮ, ನನ್ನ ತಂಗಿ ಸುಂದರಿ, ಆರಾಮವಾಗಿದ್ದಾಳೆ, ಬಿ.ಪಿ. ಮಾತ್ರ ನನ್ನ ಮುಖ ಕಂಡಾಗ ಏರುತ್ತದೆ. ನೀನು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಚಿಕ್ಕಂದಿನಲ್ಲಿ ಹಟ ಹಿಡಿದು ನಿನಗೆ ಕನ್ನಡ ಓದಲು ಕಲಿಸಿದ್ದು ಕಡೆಗೂ ಉಪಯೋಗಕ್ಕೆ ಬಂತು.

ನಮ್ಮ ಹಳೇ ಫಿಯಟ್ ಸೊಸೈಟಿಯ ಬಾದಾಮಿ ಮರದಡಿ ನಿಂತಿದೆ. ಮಧ್ಯಾಹ್ನ ಉಂಡು ಅದರ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಎಲೆಗಳ ನೆರಳು ಗಾಜಿನ ಮೇಲೆ ಓಡಾಡುವಾಗ ಗಾಡಿಯೇ ಹೊರಟಂತೆನಿಸಿ ಕಣ್ಣು ಮುಚ್ಚುತ್ತದೆ. ಕನಸಿನಲ್ಲಿ ನಿನ್ನ ತುರ್ಭೆಯ ದಾರಿ ಹಿಡಿದು ಶಿಳಫಾಟಾ ದಾಟುತ್ತೇವೆ, ಮಹಾಪೆಯ ಇಳಿಜಾರು ಬರುತ್ತದೆ, ಒಂದೂ ಟ್ರಕ್ ಇಲ್ಲ, ರಸ್ತೆ ತುಂಬ ಮಂಜು. ಓಡಿಸುವವನ ಕತ್ತು ಮಾತ್ರ ಕಾಣುತ್ತದೆ, ಅದು ನೀನೇ. ಮಾತಾಡಿಸಬೇಕು ಎನ್ನುವಷ್ಟರಲ್ಲಿ ಲೋಕಲ್ ರೈಲಿನ ಹಾರ್ನ್ ಕೇಳಿ ಎಚ್ಚರವಾಗುತ್ತದೆ. ಅಳು ಬಂದಂತಾಗುತ್ತದೆ ಮಗಾ.

ಮೇ ತಿಂಗಳಲ್ಲಿ ಅಶ್ಮಿತಾಳ ನಿಶ್ಚಿತಾರ್ಥದ ದಿನ ಬೀಗರಿಗೆ ತೋರಿಸಲೆಂದು ಗಾಡಿಯ ಸೆಲ್ಫ್ ಹೊಡೆದೆನಲ್ಲ, ಡ್ಯಾಶ್‌ಬೋರ್ಡಿನಿಂದ ಎಂಜಿನ್ನಿಗೆ ಹೋಗುವ ಚೋಕ್ ಕೇಬಲ್ ಕಾದು ಹೊಗೆ ಎದ್ದಿತು. ಆರು ತಿಂಗಳ ರಜೆಗಳನ್ನೆಲ್ಲ ಸುರಿದು, ಪ್ರತಿ ವೈರ್‌ಗೂ ಗುರುತಿನ ಚೀಟಿ ಕಟ್ಟಿ ಗಾಡಿಯ ವೈರಿಂಗನ್ನೆಲ್ಲ ಹೊಸದಾಗಿ ಕೂರಿಸಿದವನು ನೀನು. ಅಷ್ಟು ಜನರೆದುರು “ಅಪ್ಪನ ಹಾಗೇ ಇವನೂ, ಹಿಡಿದ ಕೆಲಸ ಮುಗಿಸುವವನಲ್ಲ” ಎಂದುಬಿಟ್ಟೆ. ಮನೆ ಬಿಟ್ಟು ಹೋದ ಮನುಷ್ಯನಿಗೆ ನಿನ್ನನ್ನು ಹೋಲಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೇ ನೀನು ಬ್ಯಾಗು ಎತ್ತಿಕೊಂಡು ಹೊರಟೆ.

ಮೊನ್ನೆ ರಬಾಳೆಯಿಂದ ಗಾಡಿ ಎಲೆಕ್ಟ್ರಿಶಿಯನ್ ಸರ್ವೋತ್ತಮನನ್ನು ಕರೆಸಿದೆ. ಗಾಡಿಯಡಿ ಮಲಗಿ ನೋಡಿ ಎದ್ದವನು, “ಹುಡುಗನ ವೈರಿಂಗ್ ಫಸ್ಟ್ ಕ್ಲಾಸ್ ಉಂಟು ಮಾರಾಯ್ರೆ. ಎಂಜಿನ್‌ಗೂ ಬಾಡಿಗೂ ನಡುವೆ ತಾಮ್ರದ ಪಟ್ಟಿ ಇರ್ತದಲ್ಲ, ಅದೇ ಇಲ್ಲ! ಅರ್ಥಿಂಗ್ ಎಲ್ಲಿಂದ ಬರ್ಬೇಕು?” ಎಂದ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಆ ಪಟ್ಟಿ ಇಲ್ಲದಿದ್ದರೆ ಕರೆಂಟು ಬ್ಯಾಟರಿಗೆ ಮರಳಲು ಚೋಕ್ ಕೇಬಲನ್ನು ಹಿಡಿಯುತ್ತದಂತೆ, ಅಷ್ಟನ್ನು ತಾಳದೆ ಅದು ಕಾಯುತ್ತದಂತೆ. ಬೋಲ್ಟಿನಡಿಯ ಪೇಂಟು ಕೆರೆದು ಹೊಸ ಪಟ್ಟಿ ಬಿಗಿದ. ಒಂದೇ ಸೆಲ್ಫ್‌ಗೆ ಎಂಜಿನ್ ಎದ್ದಿತು.

ಮದುವೆ ಡಿಸೆಂಬರ್ ಹದಿನಾಲ್ಕಕ್ಕೆ, ಥಾಣೆಯ ಮದುವೆ ಹಾಲ್‌ನಲ್ಲಿ. ಮದುಮಗಳ ಗಾಡಿ ಇದೇ ಎಂದು ನಾನು. “ಅಣ್ಣ ನಹೀ ಚಲಾಯೇಗಾ ತೋ ಮೈ ನಹೀ ಬೈಠೂಂಗಿ” ಎಂದು ಅಶ್ಮಿತಾ, ನೀನು ಓಡಿಸದಿದ್ದರೆ ಹತ್ತುವುದೇ ಇಲ್ಲವಂತೆ. ನೀನಿಲ್ಲದೆ ಆ ಧಾರೆಯ ನೀರು ಎರೆಯಲು ನನಗೆ ಕೈ ಬಾರದು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಮಾವ,
ಮುಂಡಪ್ಪ

ತಾ.ಕ.: ಆ ಪಟ್ಟಿಯನ್ನು ತೆಗೆದವನು ನಾನೇ. ಹೊಸ ಪೇಂಟಿನ ಪಕ್ಕ ಎಣ್ಣೆ ಹಿಡಿದು ಅಸಹ್ಯವಾಗಿ ಕಂಡಿತೆಂದು ನಿಶ್ಚಿತಾರ್ಥದ ಹಿಂದಿನ ದಿನವೇ ಬಿಚ್ಚಿದ್ದೆ. ಹೊಗೆ ಎದ್ದಾಗಲೇ ನನಗೆ ಅನುಮಾನ ಬಂದಿತ್ತು, ಆದರೂ ನಿನ್ನನ್ನು ಬೈದೆ. ನಿನ್ನಮ್ಮನಿಗೂ ಇನ್ನೂ ಹೇಳಿಲ್ಲ, ಮೊದಲು ನಿನಗೆ. ಬರುವ ಭಾನುವಾರ ಅಂದು ಇದ್ದ ಅದೇ ಜನರನ್ನು ಊಟಕ್ಕೆ ಕರೆದಿದ್ದೇನೆ, ಅವರೆದುರೇ ಹೇಳುತ್ತೇನೆ. ನೀನು ಬಾ. ಬಾರದಿದ್ದರೂ ಹೇಳುತ್ತೇನೆ.