ಅಪ್ಪನ ನಾಣ್ಯಗಳಿಗೆ ಹತ್ತಿದ ಕಿಲುಬು

ಶಹಾಬಜಾರ, ಕಲಬುರಗಿ
೪ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಮಲ್ಲಿಕಾ ಅಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಭಾನುವಾರ ಕಮಲಾಪುರಕ್ಕೆ ಬಂದಾಗ ನೀನು ಗೋಡೆ ಹಿಡಿದು ಏಳುವುದನ್ನು ನೋಡಿ ಕೇಳಬೇಕೆಂದುಕೊಂಡೆ, ಕೇಳದೆ ನೀನು ಮಾಡಿದ ಹೋಳಿಗೆ ತಿಂದು ಎದ್ದು ಬಂದೆ. ಭಾವನವರ ಕೆಮ್ಮು ಇಳಿಯಿತೇ? ಅಪ್ಪನ ಶುಗರ್ ಗುಳಿಗೆ ಮುಗಿಯುತ್ತ ಬಂದಿರಬೇಕು, ಹೊಸವನ್ನು ಈ ಪತ್ರದ ಜೊತೆಗೇ ದೇವೀಂದ್ರಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ. ನಿಮ್ಮೂರ ಕೆಂಪು ಬಾಳೆ ಇಳಿಸಲು ಬೆಳಿಗ್ಗೆ ಬಂದಿದ್ದಾನೆ, ಸಂಜೆ ಖಾಲಿ ಗಾಡಿಯಲ್ಲಿ ಹಿಂದಿರುಗುತ್ತಾನೆ.

ಮೊಬೈಲ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನ್ ಮಾಡಿದರೆ ಅಪ್ಪ ನಿನ್ನ ಪಕ್ಕದಲ್ಲೇ ಇರುತ್ತಾರೆ; ಕಣ್ಣು ಹೋದಂದಿನಿಂದ ಅವರ ಕಿವಿಗೆ ಆಚೆ ಓಣಿಯ ಮಾತೂ ಬೀಳುತ್ತದೆ. ವಾಟ್ಸಾಪ್‌ನಲ್ಲಿ ಬರೆದರೆ, ಅಪ್ಪನಿಗೆ ಪೇಪರ್ ಓದಲಿ ಎಂದು ನೀನು ಫೋನಿನಲ್ಲಿ ಹಾಕಿಸಿಕೊಂಡ ಆ ಯಂತ್ರದ ದನಿಯ ಹೆಂಗಸು ನನ್ನ ಮಾನವನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿಬಿಡುತ್ತಾಳೆ. ಇದನ್ನು ಅಡುಗೆಮನೆಗೆ ಒಯ್ದು ಮನಸ್ಸಿನಲ್ಲೇ ಓದಿಕೋ.

ಅಪ್ಪನ ನಾಣ್ಯಗಳು ಹಾಳಾದವು ಅಕ್ಕಾ. ಅರ್ಧ ಮಳೆ ಹಾಳು ಮಾಡಿತು, ಉಳಿದರ್ಧ ನಾನು ಮಾಡಿದೆ. ಬರುವ ಭಾನುವಾರ ನಾಣ್ಯದ ಡಬ್ಬಿ ತಂದುಕೊಡು ಎಂದು ಅವರು ಹೇಳಿ ಕಳಿಸಿದ್ದಾರೆ. ನಾನು ಏನನ್ನು ತರಲಿ?

ಆ ಡಬ್ಬಿ ಅವರಿಗೆ ಏನು ಎಂಬುದನ್ನು ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಹೇಳದಿದ್ದರೆ ಕೈ ಮುಂದಕ್ಕೆ ಹೋಗುತ್ತಿಲ್ಲ. ಮೂವತ್ತೊಂದು ವರ್ಷ ಹುಮನಾಬಾದ್ ರೂಟಿನಲ್ಲಿ ಕಂಡಕ್ಟರಾಗಿ ದುಡಿದ ಮನುಷ್ಯ. ಹಳ್ಳಿಯ ಮುದುಕಿಯರು ಸೆರಗಿನ ಗಂಟು ಬಿಚ್ಚಿ, ನಡೆಯುತ್ತದೋ ಇಲ್ಲವೋ ಎಂಬುದೂ ಗೊತ್ತಿಲ್ಲದೆ, ಚಾರ್ಮಿನಾರಿನ ಚಿತ್ರವಿದ್ದ ನಿಜಾಮನ ಕಾಲದ ಪೈಸೆ ಕೊಡುತ್ತಿದ್ದರು. ಬೇರೆ ಕಂಡಕ್ಟರುಗಳು ಬೈದು ಹಿಂದಕ್ಕೆ ಕೊಡುವರು. ಅಪ್ಪ ಟಿಕೀಟು ಹರಿದು ಕೊಟ್ಟು, ತಮ್ಮ ಜೇಬಿನ ಚಿಲ್ಲರೆಯನ್ನು ಚೀಲಕ್ಕೆ ಹಾಕಿ, ಆ ಪೈಸೆಯನ್ನು ಮನೆಗೆ ತರುವರು. ‘ಮಂದಿ ಗಂಡಂದ್ರು ಪಗಾರ ತರ್ತಾರ, ನಮ್ಮವ್ರು ಗುಜರಿ ತರ್ತಾರ’ ಎಂದು ಅವ್ವ ಅನ್ನುತ್ತಿದ್ದದ್ದು ನೆನಪಿದೆಯಲ್ಲ? ತುಂಬಿದ ಬಸ್ಸಿನ ಕತ್ತಲಲ್ಲಿ ನಾಣ್ಯವನ್ನು ಬೆರಳಿನಿಂದಲೇ ಗುರುತಿಸುವುದು ಅವರಿಗೆ ಆಗಿನಿಂದ ರೂಢಿ. ಹಾಗಾಗಿ ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಕಣ್ಣು ತಿಂದಾಗ ನಾವೆಲ್ಲ ಅತ್ತೆವು, ಅವರು ಅಳಲಿಲ್ಲ. ‘ಕಣ್ಣು ಹೋದ್ರ ಹೋಗ್ಲಿ ಬಿಡೋ, ಡಬ್ಬಿ ಐತಲ್ಲ’ ಅಂದರು. ದಿನಾ ಮಧ್ಯಾಹ್ನ ಒಂದೊಂದೇ ತೆಗೆದು ಹೆಬ್ಬೆರಳಿನಿಂದ ಸವರುತ್ತ, ಇದು ಮಹಾಗಾಂವ ಕ್ರಾಸಿನಲ್ಲಿ ಹತ್ತಿದ ನೂರಜಹಾನಬಿ ಕೊಟ್ಟದ್ದು, ಮಗಳ ಬಾಣಂತನಕ್ಕೆ ಹೊರಟಿದ್ದಳು ಎಂದು ಶುರು ಮಾಡಿದರೆ ಚಹಾ ಆರಿಹೋಗುತ್ತಿತ್ತು. ಅವರಿಗೆ ಉಳಿದ ನೋಟ ಅದೊಂದೇ.

ನಮ್ಮ ಓಣಿಯಲ್ಲಿ ಎರಡು ಸಲ ಸ್ಕೂಟರ್ ತಾಗಿ ಬಿದ್ದ ಮೇಲೆ ಜೂನಿನಲ್ಲಿ ಅವರನ್ನು ನಿನ್ನ ಮನೆಗೆ ಕರೆತಂದೆವಲ್ಲ, ಆಗ ಮಳೆಯಲ್ಲಿ ಡಬ್ಬಿ ಬೇಡ ಎಂದು ನನಗೇ ಒಪ್ಪಿಸಿದರು. ಡಬ್ಬಿಯೊಳಗೆ ಒಂದು ಸಣ್ಣ ಬಟ್ಟೆಯ ಗಂಟು, ಅದರಲ್ಲಿ ತೇವ ಹೀರುವ ನೀಲಿ ಹರಳು. ‘ನೀಲಿ ಇದ್ರ ಸುಮ್ಮನಿರು. ಗುಲಾಬಿ ಆದ್ರ ಕಡಾಯ್ದಾಗ ಬಿಸಿ ಮಾಡಿ, ಆರಿದ ಮ್ಯಾಲ ಮತ್ತ ಇಡು. ಬಣ್ಣ ನನಗ ಕಾಣೂದಿಲ್ಲ, ಅದಕ್ಕ ನಿನಗ ಹೇಳಾಕತ್ತೀನಿ’ ಅಂದರು. ಇಷ್ಟೇ ಕೆಲಸ. ಎರಡು ತಿಂಗಳು ಮಾಡಿದೆ. ಆಮೇಲೆ ಜೇವರ್ಗಿ ಕಾಲೋನಿಯ ಟ್ಯೂಷನ್ನಿನಲ್ಲಿ ಎರಡು ಬ್ಯಾಚು ಹೆಚ್ಚಾದವು, ಮರೆತೆ. ಮರೆತೆ ಅನ್ನುವುದೂ ಪೂರಾ ನಿಜವಲ್ಲ, ನಾಳೆ ನೋಡಿದರಾಯಿತು ಎಂದುಕೊಂಡೆ. ಈ ಸಲ ಮಳೆ ಹೇಗೆ ಜಡಿಯಿತೆಂದು ನಿನಗೂ ಗೊತ್ತು. ಪಕ್ಕದ ಮನೆಯ ಮಾಳಿಗೆಯ ನೀರು ನಮ್ಮ ಗೋಡೆಗೆ ಇಳಿದು ಡಬ್ಬಿ ಇಟ್ಟಿದ್ದ ಅಲಮಾರಿಯ ಹಿಂದೆ ಸುಣ್ಣವೆಲ್ಲ ಉಬ್ಬಿತ್ತು. ದೀಪಾವಳಿಯ ಹಿಂದಿನ ದಿನ ಡಬ್ಬಿ ತೆಗೆದರೆ ಹರಳು ಗುಲಾಬಿಯಾಗಿ ಎಷ್ಟು ದಿನವಾಗಿತ್ತೋ, ಬಟ್ಟೆಯೇ ತೊಯ್ದಿತ್ತು. ತಾಮ್ರದ ನಾಣ್ಯಗಳಿಗೆಲ್ಲ ಕಿಲುಬು ಹತ್ತಿ, ಮುಟ್ಟಿದರೆ ಹಸಿರು ಪುಡಿ ಕೈಗೆ ಬರುತ್ತಿತ್ತು.

ಅದೇ ಹೊತ್ತಿಗೆ ಸುನಂದಾ ಹಿತ್ತಲಿನಲ್ಲಿ ಲಕ್ಷ್ಮೀಪೂಜೆಯ ತಾಮ್ರದ ಕೊಡ, ತಂಬಿಗೆಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಕಪ್ಪಾಗಿದ್ದ ಕೊಡ ಕಣ್ಣೆದುರೇ ಬಂಗಾರದಂತಾಯಿತು. ನನಗೂ ಹೊಳೆಯಿತು. ‘ಮಾವನೋರನ್ನ ಒಂದ್ ಮಾತು ಕೇಳ್ರಿ’ ಅಂದಳು ಅವಳು. ಬಿ.ಎಸ್ಸಿ. ಓದಿ, ತಾಮ್ರಕ್ಕೆ ಹುಳಿ ಎಂದು ಊರ ಮಕ್ಕಳಿಗೆ ಪಾಠ ಹೇಳುವವನಿಗೆ ಯಾರು ಬುದ್ಧಿ ಹೇಳಬೇಕು? ಬೋಗುಣಿಯಲ್ಲಿ ಹುಳಿನೀರು ಮಾಡಿ ತಾಮ್ರದ ನಾಣ್ಯಗಳನ್ನೆಲ್ಲ ನೆನೆಹಾಕಿ, ತೆಂಗಿನ ನಾರಿನಿಂದ ಬೆವರು ಹರಿಯುವ ಹಾಗೆ ತಿಕ್ಕಿದೆ. ಎಂಥ ಹೊಳಪು ಬಂತು ಅನ್ನುತ್ತೀ! ಲಕ್ಷ್ಮಿಯ ಮುಂದೆ ತಟ್ಟೆಯಲ್ಲಿ ಜೋಡಿಸಿ, ಅರಿಷಿಣ ಕುಂಕುಮ ಏರಿಸಿ, ಬಂದವರಿಗೆಲ್ಲ ಕರೆದು ಕರೆದು ತೋರಿಸಿದೆ. ಅಪ್ಪ ಇದ್ದಿದ್ದರೆ ಎಷ್ಟು ಖುಷಿ ಪಡುತ್ತಿದ್ದರು ಎಂದು ಬೇರೆ ಹೇಳಿಕೊಂಡೆ, ನಾಚಿಕೆಯಿಲ್ಲದವನು. ಪೂಜೆ ಮುಗಿದ ಮೇಲೆ ಹಸಿ ಅರಿಷಿಣದ ಸಮೇತ ಡಬ್ಬಿಗೆ ಸುರಿದು ಮುಚ್ಚಿದೆ. ಐದು ದಿನ ಬಿಟ್ಟು ತೆಗೆದರೆ ಕಿಲುಬು ಮತ್ತೆ ಎದ್ದಿತ್ತು. ಒರೆಸಿ ನೋಡಿದರೆ ಅದರ ಕೆಳಗೆ ಚಾರ್ಮಿನಾರೂ ಇಲ್ಲ, ಅಕ್ಷರವೂ ಇಲ್ಲ.

ಗಡಿಯಾರ ರಿಪೇರಿಯ ಝಹೀರ್ ಚಾಚಾನ ಹತ್ತಿರ ಓಡಿದೆ. ಅಪ್ಪನಿಗೆ ಆ ಹರಳು ತರಿಸಿಕೊಟ್ಟವರೇ ಅವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದನ್ನೇ ನೋಡಿದರು. ‘ಯೇ ಕ್ಯಾ ಕರೇ ಬಾಬಾ? ಇದೇನ ಮಾಡಿದಿ?’ ಎಂದು ಭೂತಗನ್ನಡಿ ತೆಗೆದಿಟ್ಟರು. ಆಮೇಲೆ, ‘ಕಿಲುಬು ಮೊದಲ ಅಕ್ಷರ ತಿಂದಿತ್ತು, ಉಳಿದದ್ದು ನೀ ತಿಕ್ಕಿ ಅಳಿಸಿದಿ. ಇನ್ನ ಇದು ಹೊಳ್ಳಿ ಬರೂದಿಲ್ಲ. ಒಣಾ ಇಡು, ಮುಟ್ಟಬ್ಯಾಡ, ಅಷ್ಟ’ ಅಂದರು. ಈಗ ಒಂದೊಂದಕ್ಕೂ ಬೇರೆ ಕಾಗದದ ಲಕೋಟೆ, ಹೊಸ ಹರಳು, ಒಣ ಗೋಡೆಯ ಕಡೆ ಜಾಗ. ದಿನಕ್ಕೆ ಮೂರು ಸಲ ಹರಳಿನ ಬಣ್ಣ ನೋಡುತ್ತೇನೆ. ಯಾವ ಉಪಯೋಗಕ್ಕೆ ನೋಡುತ್ತೇನೋ ನನಗೇ ತಿಳಿಯದು. ಸುನಂದಾ ಲಕೋಟೆಗಳನ್ನು ಜೋಡಿಸಿಕೊಡುತ್ತಾಳೆ; ‘ನಾ ಹೇಳಿದ್ನಲ್ರಿ’ ಎಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಭಾನುವಾರ ಎರಡು ನಾಣ್ಯ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೆ. ನೀನು ಒಳಗೆ ಹೋಳಿಗೆ ಬೇಯಿಸುತ್ತಿದ್ದಾಗ ಅಪ್ಪನ ಅಂಗೈಯಲ್ಲಿಟ್ಟೆ. ಗೊತ್ತಾಗದೇ ಹೋದೀತು ಎಂಬ ಹುಚ್ಚು ಆಸೆ. ಸವರಿದರು, ತಿರುವಿ ಸವರಿದರು, ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಮತ್ತೆ ಸವರಿದರು. ‘ಇದ್ಯಾವುದೋ ಮೌನೇಶಾ? ಇದರ ಮ್ಯಾಲ ಏನೂ ಇಲ್ಲಲ್ಲೋ’ ಅಂದರು. ಏನೋ ಒಂದು ಹೇಳಿ ನಾಣ್ಯ ತಿರುಗಿ ತೆಗೆದುಕೊಂಡೆ. ಅವರು ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತ ಕೂತರು.

ಪೇಟೆಯಲ್ಲಿ ಅಂಥವೇ ಪೈಸೆ ಕೊಂಡು ಹಾಕಿಬಿಡಲೇ ಎಂದೂ ಯೋಚಿಸಿದೆ. ನೂರಜಹಾನಬಿಯ ಪೈಸೆಯ ಅಂಚಿಗೆ ಒಂದು ಕಚ್ಚು ಇತ್ತು, ಅದನ್ನು ಯಾವ ಅಂಗಡಿಯಲ್ಲಿ ಕೇಳಲಿ? ಡಬ್ಬಿ ಕಳುವಾಯಿತು ಎನ್ನಲೇ? ಮಳೆಯ ಮೇಲೆ ಹಾಕಲೇ? ನನಗೆ ಒಂದೂ ತೋಚುತ್ತಿಲ್ಲ. ನೀನು ದೊಡ್ಡವಳು, ಚಿಕ್ಕಂದಿನಲ್ಲಿ ನಾನು ಒಡೆದದ್ದನ್ನೆಲ್ಲ ನಿನ್ನ ಮೇಲೆ ಹಾಕಿಕೊಂಡವಳು, ಏನಾದರೂ ಉಪಾಯ ಮಾಡು. ಅಲ್ಲಿಯವರೆಗೆ ಅಪ್ಪನಿಗೆ ಗೊತ್ತಾಗುವುದು ಬೇಡ.

ಭಾವನವರಿಗೆ ನನ್ನ ನಮಸ್ಕಾರ. ಅಪ್ಪನ ಪಾದಕ್ಕೆ ಶರಣು ತಿಳಿಸು ಎಂದು ಬರೆಯಲು ಹೋಗಿದ್ದೆ, ಬೇಡ, ಕಾಗದ ಬಂದದ್ದನ್ನೇ ಹೇಳಬೇಡ. ಸುನಂದಾ ನಿನಗೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾಳೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬಾರದಂತೆ.

ನಿನ್ನ ತಮ್ಮ,
ಮೌನೇಶ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಫೋನ್ ಬಂತು. ಅಪ್ಪ ಎರಡು ದಿನದಿಂದ ಊಟಕ್ಕೆ ಚಮಚಾ ಬೇಡುತ್ತಾರೆ, ಬೀಳಿಸಿಬಿಟ್ಟೇನು ಎಂದು ಅಂಜಿ ಪೂಜೆಯಲ್ಲಿ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲೇ ಇಲ್ಲ, ಡಾಕ್ಟರಿಗೆ ತೋರಿಸಲೇನು ಎಂದು ನೀನು ಕೇಳಿದೆ. ಪಕ್ಕದಲ್ಲಿ ಅವರ ದನಿ ಕೇಳಿಸುತ್ತಿತ್ತು. ನಾನು ಬರೇ ಹೂಂ ಅಂದೆ. ಅಕ್ಕಾ, ಭಾನುವಾರ ನಾನು ಅವರಿಗೆ ಹೇಳಿದ್ದು ಇದು: ‘ನಾಣ್ಯ ಸರಿ ಅದಾವ್ರಿ ಅಪ್ಪಾ, ಶುಗರ್‌ಗೆ ನಿಮ್ಮ ಬೆರಳ ಜೋಮು ಹಿಡಿದಾವ.’ ಅವರು ನಂಬಿಬಿಟ್ಟಿದ್ದಾರೆ. ದೇವೀಂದ್ರಪ್ಪ ಹಾರನ್ ಹೊಡೆಯುತ್ತಿದ್ದಾನೆ. ಮೇಲೆ ಬರೆದದ್ದನ್ನೆಲ್ಲ ಬಿಡು, ಉಪಾಯ ಏನೂ ಬೇಡ. ನಾಳೆ ಬೆಳಿಗ್ಗೆ ಅವರು ಪೂಜೆಗೆ ಕೂಡುವ ಮೊದಲು ನೀನೇ ಹೇಳಿಬಿಡು, ನನ್ನ ಬಾಯಿಂದ ಬರುತ್ತಿಲ್ಲ: ನಾಣ್ಯ ಹಾಳಾಗಿವೆ, ಬೆರಳು ಸರಿಯಾಗಿವೆ, ಲಿಂಗವನ್ನು ಅಂಜದೆ ಅಂಗೈಯಲ್ಲಿಟ್ಟುಕೊಳ್ಳಿ ಎಂದು.