ಬೆರಳೆತ್ತಿದ್ದು ನಾನು, ಬಾಯಿ ಮುಚ್ಚಿಸಿದ್ದು ನನ್ನ ಮಗಳದ್ದು

ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳ ಚರ್ಚಾಸ್ಪರ್ಧೆಗಳ ನಿಯಮ ಸಮಿತಿಯ ಅಧ್ಯಕ್ಷರೇ,

ನನ್ನ ಮಗಳು ಜೆಮೈಮಾಳನ್ನು ನೀವು ಈ ವರ್ಷದ ಸ್ಪರ್ಧೆಗಳಿಂದ ಹೊರಗಿಟ್ಟಿದ್ದೀರಿ. ಆನ್‌ಲೈನ್ ಅಭ್ಯಾಸದ ಕೋಣೆಗೂ ಬೀಗ ಜಡಿದಿದ್ದೀರಿ. ಕಾರಣ, ಚರ್ಚೆಯ ನಡುವೆ ಅವಳ ಅಪ್ಪ ಬೆರಳು ತೋರಿಸಿದ. ಮೂರು ಇ-ಮೇಲ್ ಬರೆದೆ. ಮೂರಕ್ಕೂ ‘ನಿಮ್ಮ ಸಂದೇಶ ನಮಗೆ ಮುಖ್ಯ’ ಎಂದು ಯಂತ್ರವೇ ಉತ್ತರಿಸಿತು. ಆದ್ದರಿಂದ ನಮ್ಮ ಕೌಂಟಿಯ ವಾರಪತ್ರಿಕೆಯಲ್ಲಿ, ಹುಲ್ಲಿನ ಹರಾಜಿನ ಜಾಹೀರಾತಿನ ಪಕ್ಕದಲ್ಲಿ, ಇದನ್ನು ಅಚ್ಚು ಹಾಕಿಸುತ್ತಿದ್ದೇನೆ.

ನಾನು ಶಾಲಾ ಬಸ್ಸಿನ ಚಾಲಕ. ಊರ ಮಕ್ಕಳನ್ನೆಲ್ಲ ಶಾಲೆಗೆ ಬಿಟ್ಟು ಬಂದು ನನ್ನ ಮಗಳನ್ನು ಮನೆಯಲ್ಲಿ ಓದಿಸುವವನು. ನಗುವವರು ನಗಲಿ. ಓದಿಸುತ್ತಿದ್ದವಳು ನಿಜವಾಗಿ ನನ್ನ ಹೆಂಡತಿ ಲೋರೆನ್. ಚರ್ಚೆಯ ಹುಚ್ಚು ಹಿಡಿಸಿದವಳೂ ಅವಳೇ. ಚರ್ಚಿನ ನೆಲಮಾಳಿಗೆಯಲ್ಲಿ ಹತ್ತಾರು ಮಕ್ಕಳನ್ನು ನಿಲ್ಲಿಸಿ, ಎದುರಿಗೆ ಕೂತು ಉಳಿದ ನಿಮಿಷಗಳನ್ನು ಬೆರಳಲ್ಲಿ ತೋರಿಸುತ್ತಿದ್ದಳು: ಮೂರು, ಎರಡು, ಒಂದು. ಅರ್ಧ ನಿಮಿಷಕ್ಕೆ ಬಾಗಿದ ಬೆರಳು, ಮುಗಿದಾಗ ಮುಷ್ಟಿ. ನಿಮ್ಮ ಸಭಾಂಗಣಗಳಲ್ಲಿ ಇಂದಿಗೂ ಸಮಯಪಾಲಕರು ಮಾಡುವುದು ಇದನ್ನೇ ಅಲ್ಲವೇ? ಅಲ್ಲಿ ಸಂಪ್ರದಾಯ, ನನ್ನ ಅಡುಗೆಮನೆಯಲ್ಲಿ ಅಪರಾಧವೇ?

ಲೋರೆನ್ ತೀರಿಹೋಗಿ ಹನ್ನೊಂದು ತಿಂಗಳಾಯಿತು. ಹತ್ತಿರದ ಚರ್ಚಾಕೂಟ ಬಿಲಿಂಗ್ಸ್‌ನಲ್ಲಿ, ನಾಲ್ಕು ಗಂಟೆಯ ದಾರಿ, ಅದೂ ಹಿಮ ಬೀಳದಿದ್ದರೆ. ಹಾಗಾಗಿ ಪರದೆಯೇ ಗತಿ. ಒಬ್ಬ ಪೋಷಕರು ಅದೇ ಕೋಣೆಯಲ್ಲಿ ಇರಲೇಬೇಕು ಎಂಬುದು ನಿಮ್ಮದೇ ನಿಯಮ. ಕ್ಯಾಮೆರಾದ ಹಿಂದೆ ಕೂತೆ. ನಮ್ಮಲ್ಲಿ ಗಾಳಿ ಬೀಸಿದರೆ ಇಂಟರ್ನೆಟ್ ಕೈಕೊಟ್ಟು ಪರದೆಯ ಗಡಿಯಾರ ಇದ್ದಲ್ಲೇ ನಿಲ್ಲುತ್ತದೆ. ಅದಕ್ಕೇ ಹೆಂಡತಿ ಮಾಡುತ್ತಿದ್ದಂತೆ ಬೆರಳೆತ್ತಿದೆ. ಜೆಮೈಮಾಳ ಬೆನ್ನ ಹಿಂದೆ ಪಿಂಗಾಣಿ ಪಾತ್ರೆಗಳ ಬೀರು ಇತ್ತು. ಅದರ ಗಾಜಿನಲ್ಲಿ ನಾನು ಕಾಣುತ್ತಿದ್ದೆ. ನನ್ನ ಮೂರು ಬೆರಳು ಮೇಲೆದ್ದ ಗಳಿಗೆಯಲ್ಲೇ ಅವಳು ‘ನನ್ನ ಮೂರನೆಯ ವಾದ’ ಎನ್ನಬೇಕೇ!

“ಸ್ವಲ್ಪ ನಿಲ್ಸಮ್ಮ,” ಅಂದರು ತೀರ್ಪುಗಾರ್ತಿ. “ಹಿಂದೆ ಗಾಜಲ್ಲಿ ಬೆರಳು ತೋರಿಸ್ತಿರೋದು ಯಾರು?”

“ನಮ್ಮಪ್ಪ. ಟೈಮ್ ತೋರಿಸ್ತಿದಾರೆ.”

“ಪರದೆ ಮೇಲೆ ಗಡಿಯಾರ ಇದೆಯಲ್ಲ?”

“ನಮ್ಮನೇಲಿ ಅದು ನಿಂತ್ಹೋಗತ್ತೆ, ಮೇಡಂ.”

“ಎಲ್ರೂ ಹಾಗೇ ಹೇಳೋದು.”

ಆಗ ನಾನು, ಮುಠ್ಠಾಳ, ಕ್ಯಾಮೆರಾದ ಮುಂದೆ ಮುಖ ತೂರಿಸಿದೆ. “ಮೇಡಂ, ವಾದ ಹೇಳ್ಕೊಡೋಕೆ ನನಗೆಲ್ಲಿ ಬರತ್ತೆ? ನನಗೆ ಗೊತ್ತಿರೋದು ಬ್ರೇಕ್ ಹಾಕೋದೊಂದೇ!”

“ಅಪ್ಪಾ, ನೀನ್ ಬರಬೇಡಪ್ಪ,” ಅಂದಳು ಮಗಳು. ಅಷ್ಟರಲ್ಲಿ ಎರಡನೆಯ ಅಪರಾಧವೂ ದಾಖಲಾಗಿತ್ತು: ಪೋಷಕರು ಮಾತಾಡಿದ್ದು.

ನಿಮ್ಮ ಆದೇಶದಲ್ಲಿ ‘ಪ್ರೈಮಾ ಫೇಸೀ’ ಎಂದಿದೆ. ಎರಡು ವರ್ಷ ಕಾಲೇಜಿನ ಇಂಗ್ಲಿಷ್ ತರಗತಿಯಲ್ಲಿ ಕೂತವನು ನಾನು. ಪದ ಎಲ್ಲೋ ಕೇಳಿದ ನೆನಪು, ಅರ್ಥ ಮರೆತಿತ್ತು. ಲೋರೆನ್ನಳ ನಿಘಂಟು ತೆಗೆದು ನೋಡಿದೆ. ‘ಮೇಲ್ನೋಟಕ್ಕೆ’ ಅಂತೆ. ಎದುರು ಪಕ್ಷದ ಮಾತನ್ನೂ ಕೇಳಿ ತೀರ್ಮಾನಿಸಿ ಎಂದು ಮಕ್ಕಳಿಗೆ ಕಲಿಸುವ ಸಂಸ್ಥೆ, ಮಗುವನ್ನು ಸಮಿತಿಯೆದುರು ಕರೆದು ಒಂದು ಪ್ರಶ್ನೆಯನ್ನೂ ಕೇಳದೆ, ಬೀರುವಿನ ಗಾಜು ನೋಡಿ ಮೇಲ್ನೋಟಕ್ಕೆ ತೀರ್ಪು ಕೊಡುವುದೇ? ಮುಂದಿನ ವರ್ಷ ಮೇಲ್ಮನವಿ ಸಲ್ಲಿಸಬಹುದು ಎಂದಿದ್ದೀರಿ. ಮುಂದಿನ ವರ್ಷ ಅವಳ ವಯಸ್ಸು ನಿಮ್ಮ ಮಿತಿ ದಾಟಿರುತ್ತದೆ. ಇದು ನಿಮಗೆ ಗೊತ್ತಿಲ್ಲವೇ?

ಪದಕ ಹಾಳಾಗಲಿ. ಇದುವರೆಗೆ ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ತಾಯಿಯ ಮಣ್ಣು ಮುಗಿದ ದಿನದಿಂದ ನನ್ನ ಮಗಳು ಮನೆಯಲ್ಲಿ ಮಾತಾಡುವುದಿಲ್ಲ. ಹೂಂ, ಊಹೂಂ, ಬಿಡಪ್ಪ; ಅಷ್ಟೇ. ಮಾತಾಡುತ್ತಿದ್ದದ್ದು ನಿಮ್ಮ ಆ ಕೋಣೆಯಲ್ಲಿ ಮಾತ್ರ, ವಾರಕ್ಕೆ ಮೂರು ಸಂಜೆ, ಆರಾರು ನಿಮಿಷ. ಸ್ವಾತಂತ್ರ್ಯಕ್ಕಿಂತ ಕರ್ತವ್ಯ ದೊಡ್ಡದು ಎಂಬುದು ಈ ವರ್ಷದ ವಿಷಯ. ಒಂದು ದಿನ ಹೌದು ಎಂದು ವಾದಿಸುತ್ತಿದ್ದಳು, ಮರುದಿನ ಅಲ್ಲ ಎಂದು. ಎರಡನ್ನೂ ನಂಬುತ್ತಿದ್ದೆ. ಅದು ನನ್ನೊಂದಿಗೆ ಆಡಿದ ಮಾತಲ್ಲ, ನಿಜ. ಆದರೂ ಅವಳ ದನಿ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಬೀಗ ಬಿದ್ದು ಹತ್ತೊಂಬತ್ತು ದಿನವಾಯಿತು. ನಿನ್ನೆ ತನ್ನ ಟಿಪ್ಪಣಿ ಹಾಳೆಗಳನ್ನೆಲ್ಲ ಒಲೆ ಹೊತ್ತಿಸಲು ತಂದಿಟ್ಟಳು.

“ಯಾಕಮ್ಮ?” ಅಂದೆ. ಬೆಂಕಿಪೊಟ್ಟಣವನ್ನು ನನ್ನ ಕಡೆ ಸರಿಸಿದಳು.

ಅಧ್ಯಕ್ಷರೇ, ಶಿಕ್ಷೆ ಕೊಡಲೇಬೇಕಿದ್ದರೆ ನನಗೆ ಕೊಡಿ. ಬೆರಳು ನನ್ನದು, ಬಾಯಿಯೂ ನನ್ನದು. ಜೀವನಪೂರ್ತಿ ನನ್ನನ್ನು ನಿಷೇಧಿಸಿ. ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ. ನನ್ನ ಬದಲು ಕೋಣೆಯಲ್ಲಿ ಕೂರಲು ನಮ್ಮ ಪಾದ್ರಿಯ ಹೆಂಡತಿ ಒಪ್ಪಿದ್ದಾರೆ. ಪ್ರಾದೇಶಿಕ ಸುತ್ತಿನ ಹೆಸರು ನೋಂದಣಿ ಈ ಶುಕ್ರವಾರಕ್ಕೆ ಮುಗಿಯುತ್ತದೆ. ಅದಕ್ಕೆ ಮೊದಲು ಆ ಬೀಗ ತೆಗೆಯಿರಿ, ಅವಳನ್ನು ಕರೆದು ಕೇಳಿ. ಅವಳು ಮಾತಾಡುವಾಗ ನಾನು ಅಂಗಳದಾಚೆ ಬಸ್ಸಿನೊಳಗೆ, ಕಿಟಕಿ ಏರಿಸಿಕೊಂಡು ಕೂತಿರುತ್ತೇನೆ. ನನಗೆ ಒಂದಕ್ಷರವೂ ಕೇಳಿಸದಿದ್ದರೂ ಸರಿ. ಅವಳು ಮಾತಾಡಿದರೆ ಸಾಕು.

ಇಂತಿ, ಸುಮ್ಮನೆ ಕೂರಲಾರದೆ ಮಗಳ ಮಾತು ಕಳೆದ ಅಪ್ಪ,
ಓರ್ವಿಲ್ ಹಾಗೆನ್