ಫೋನಿನಲ್ಲಿ ಕೇಳಿದ ಉಸಿರು

ಹಾಲ್ಕುರಿಕೆ
೪-೩-೨೦೦೭

ಸೌಭಾಗ್ಯವತಿ ವಿಮಲಾಳಿಗೆ,

ನಿನ್ನ ಮಂಡಿನೋವು ಹೇಗಿದೆ? ದಾವಣಗೆರೆಯ ನೀರು ಒಗ್ಗಿತೆ? ಬಾಣಂತಿ ಜೀವಿತಾ, ಮಗು ಇಬ್ಬರೂ ಚೆನ್ನಾಗಿದ್ದಾರೆಂದು ಅಳಿಯಂದಿರು ಫೋನ್ ಮಾಡಿ ನನ್ನ ತಮ್ಮ ರೇಣುಕಪ್ರಸಾದನಿಗೆ ಹೇಳಿದರು. ಮೊಮ್ಮಗಳಿಗೆ ನನ್ನ ಮೂಗು ಬಂದಿದೆಯಂತೆ, ಪಾಪ. ಎಲ್ಲರೂ ಫೋನಿನಲ್ಲೇ ಮಾತಾಡಿ ಮುಗಿಸುತ್ತಾರೆ. ಗಂಟಲಿನ ಆಪರೇಷನ್ನಿನಲ್ಲಿ ದನಿ ಕಳೆದುಕೊಂಡು ಕತ್ತಿನ ಕೊಳವೆಯಿಂದ ಉಸಿರಾಡುವ ನಾನು ಕಾಗದವನ್ನೇ ಬರೆಯಬೇಕು.

ಗುರುವಾರ ಇಲ್ಲಿ ಒಂದು ಸಂಗತಿ ನಡೆಯಿತು. ಬೇರೆಯವರಿಂದ ಕೇಳಿ ನೀನು ಗಾಬರಿಯಾಗುವ ಮೊದಲು ನಾನೇ ಹೇಳಿಬಿಡುತ್ತೇನೆ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಿಂದ ನರ್ಸ್ ಶಾಂತಕುಮಾರಿ ಎಂದಿನಂತೆ ಬೆಳಿಗ್ಗೆ ಅವರೇ ಕೊಟ್ಟ ಮೊಬೈಲಿಗೆ ಫೋನ್ ಮಾಡಿದಳು. ನೀನು ಹೋದ ಮೇಲೂ ಒಂದು ದಿನ ತಪ್ಪಿಸಿಲ್ಲ. ಅವಳು ಕೇಳಿದ್ದಕ್ಕೆ ಹೌದಾದರೆ ಉಗುರಿನಿಂದ ಒಂದು ಸಲ, ಇಲ್ಲವಾದರೆ ಎರಡು ಸಲ ಫೋನಿನ ಮೇಲೆ ತಟ್ಟುತ್ತೇನಲ್ಲ, ಹಾಗೆಯೇ ಜ್ವರ ಇಲ್ಲ, ನೋವಿಲ್ಲ ಎಂದು ತಟ್ಟಿದೆ. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಯಂತ್ರದಲ್ಲಿ ಅಂಕಿ ಎಂದಿಗಿಂತ ಕಡಿಮೆಯಿತ್ತು. ಬ್ಯಾಟರಿ ಹೋಗಿರಬೇಕೆಂದುಕೊಂಡು ಆ ಅಂಕಿಯನ್ನೇ ಮೊಬೈಲಿನಲ್ಲಿ ಒತ್ತಿ ಕಳಿಸಿದೆ. ಅವಳು "ಅಪ್ಪಾಜಿ, ಫೋನು ಕತ್ತಿನ ತೂತಿನ ಹತ್ರ ಹಿಡೀರಿ. ಉಸಿರು ಎಳ್ಕೊಳ್ಳಿ" ಎಂದಳು. ಹಿಡಿದೆ. ಆಮೇಲೆ ರೇಣುಕನಿಗೆ ಫೋನು ಕೊಡಿಸಿ, "ಒಳಗೇನೋ ಕಟ್ಕೊಂಡಿದೆ ಕಣ್ರೀ, ಸೀಟಿ ಥರ ಕೇಳ್ತಿದೆ. ಈಗ್ಲೇ ತಿಪಟೂರಿನ ಆಸ್ಪತ್ರೆಗೆ ಹೊರಡಿ" ಎಂದಳು.

ಹಿಂದಿನ ದಿನ ಅಟ್ಟ ಹತ್ತಿ ಕೊಬ್ಬರಿಗೆ ಹಾಕಿದ ಕಾಯಿಗಳನ್ನು ತಿರುವಿಹಾಕಿದ್ದೆ. ಬೈಯಬೇಡ. ಆ ಧೂಳು ಕತ್ತಿನ ಕೊಳವೆಯಲ್ಲಿ ಕಟ್ಟಿ ಒಣಗಿತ್ತು. ಬೈಕಿನಲ್ಲಿ ಅರ್ಧ ದಾರಿ ಹೋಗುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. ಕೂಗಲು ದನಿಯಿಲ್ಲ, ತಮ್ಮನ ಅಂಗಿಯನ್ನು ಹಿಂದಿನಿಂದ ಜಗ್ಗಿದೆ. ಅವನಿಗೆ ಅರ್ಥವಾಗಿ, "ಬಂದೇಬುಡ್ತು ಕಣಣ್ಣಾ, ತಡ್ಕೋ" ಎಂದು ಅಳುತ್ತಲೇ ಓಡಿಸಿದ. ಡಾಕ್ಟರು ಕೊಳವೆ ತೆಗೆದು ತೊಳೆದು ಹಾಕಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಸಂಜೆಗೆ ಮನೆಗೆ ಬಂದು ಗಂಜಿ ಕುಡಿದು ಮಲಗಿದೆ. ಈಗ ಆರಾಮಾಗಿದ್ದೇನೆ. ಕತ್ತಿಗೆ ಒದ್ದೆ ಬಟ್ಟೆ ಕಟ್ಟದೆ ಅಂಗಳಕ್ಕೂ ಇಳಿಯುವುದಿಲ್ಲ.

ನೀನು ಅವಸರ ಮಾಡಿ ಹೊರಡಬೇಡ. ಬಾಣಂತನ ಪೂರ್ತಿ ಮುಗಿಸಿಕೊಂಡೇ ಬಾ. ಇಲ್ಲಿ ಮನೆ ತುಂಬ ಜನರಿದ್ದಾರೆ. ಬೀಗರಿಗೆ ನನ್ನ ನಮಸ್ಕಾರ ಹೇಳು. ಜೀವಿತಾಳನ್ನೂ ಕೂಸನ್ನೂ ಶಿವ ಚೆನ್ನಾಗಿಟ್ಟಿರಲಿ.

ನಿನ್ನ
ಶಂಭುಲಿಂಗಯ್ಯ

ತಾಜಾಕಲಂ: ನಿನ್ನೆ ಪ್ರಶ್ನೆಗಳೆಲ್ಲ ಮುಗಿದ ಮೇಲೂ ಯಾಕೋ ನಾನು ಫೋನು ಇಡಲಿಲ್ಲ. ಶಾಂತಕುಮಾರಿಯೂ ಇಡದೆ, "ಅಮ್ಮಾವ್ರು ಯಾವಾಗ ಬರ್ತಾರೆ, ಅಪ್ಪಾಜಿ?" ಎಂದಳು. ಹೌದು, ಇಲ್ಲ ಎಂದು ಹೇಳಿ ಮುಗಿಸುವ ಪ್ರಶ್ನೆಯಲ್ಲ ಅದು. ಅವಸರ ಬೇಡವೆಂದು ಮೇಲೆ ಬರೆದದ್ದನ್ನು ಬಿಟ್ಟುಬಿಡು. ನಾಮಕರಣವಾದ ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತು.